ಕುದುರೆಗೆ ಬೆನ್ನು ಮಾಡಿ ಕೂತ ಮಾಮಾ

ನನ್ನ ಸೋದರಮಾವ ಒಂದು ಹಿಂದಿ ಸಿನಿಮಾದಲ್ಲಿ ಸತ್ತಿದ್ದಾರೆ. ಸಾಯುವ ಮೊದಲು ಹಾಡು ಹೇಳಿದ್ದಾರೆ, ಜಮೀನ್ದಾರನೊಬ್ಬನನ್ನು ಮಣ್ಣು ಮುಕ್ಕಿಸಿದ್ದಾರೆ, ಕೊನೆಗೆ ಬಿಳಿ ಕುದುರೆಯ ಕಾಲಬುಡದಲ್ಲಿ ಪ್ರಾಣ ಬಿಟ್ಟಿದ್ದಾರೆ. ಆ ಸಿನಿಮಾ ನಾಶಿಕದ ಟಾಕೀಜಿನಲ್ಲಿ ಓಡುತ್ತಿದ್ದಾಗ ಮಾಮಾ ಅದೇ ಊರಿನ ತಮ್ಮ ಅಂಗಳದಲ್ಲಿ ಅವಲಕ್ಕಿ ತಿನ್ನುತ್ತ ಬದುಕಿದ್ದರು. ಇದನ್ನು ಅನೇಕರು ಕ್ಷಮಿಸಲಿಲ್ಲ. ರಾತ್ರಿ ಆಟ ನೋಡಿ ಅತ್ತು ಬಂದವರು ಮರುದಿನ ಟಾಂಗಾ ಸ್ಟ್ಯಾಂಡಿನಲ್ಲಿ ಅವರನ್ನು ಕಂಡು, ಟಿಕೆಟಿನ ದುಡ್ಡು ವಾಪಸು ಕೇಳುವವರ ಹಾಗೆ ಮುಖ ಮಾಡುತ್ತಿದ್ದರು.

ಮಾಮಾ ವಿಜಾಪುರದ ಕಡೆಯವರು. ಸೈನ್ಯದಲ್ಲಿ ಕುದುರೆ ಪಳಗಿಸುವ ಕೆಲಸ ಮಾಡಿ, ನಿವೃತ್ತರಾದ ಮೇಲೆ ನಾಶಿಕದಲ್ಲೇ ನೆಲೆನಿಂತರು. ಟಾಂಗಾ ಕುದುರೆ, ಮದುವೆ ಮೆರವಣಿಗೆಯ ಕುದುರೆ, ಶೂಟಿಂಗಿನ ಕುದುರೆ, ಎಲ್ಲ ಅವರ ಕೈಯಲ್ಲೇ ತಯಾರಾಗುತ್ತಿದ್ದವು. ವಿನಯವಂತರು ಎಂದು ಅವರನ್ನು ಯಾರೂ ದೂರಿದ್ದಿಲ್ಲ. ಖಾಕಿ ಕೋಟು, ಎಣ್ಣೆ ಹಚ್ಚಿದ ಮೀಸೆ. ತಾವು ಬರುತ್ತಿರುವ ಸುದ್ದಿಯನ್ನು ಮೀಸೆಯೇ ಮೊದಲು ತಲುಪಿಸಲಿ ಎಂಬಂಥ ನಡಿಗೆ. ಕುದುರೆ ಬಾಡಿಗೆಗೆಂದು ಬಂದ ಸಿನಿಮಾದವರಲ್ಲಿ ಕಥೆ ಬರೆಯುವವನೊಬ್ಬನಿದ್ದ. ಅವನು ಜಗಲಿಯ ಮೇಲೆ ಕೂತು, ಮಾಮಾನ ಹೆಂಡತಿ ನಮ್ಮ ಅತ್ತಿ ಕೊಟ್ಟ ಚಹಾ ಕುಡಿದು, ಮಾಮಾನ ಚರಿತ್ರೆಯನ್ನೆಲ್ಲ ಕೇಳಿಕೊಂಡು ಹೋದ. ತೆರೆಯ ಮೇಲೆ ಬಂದದ್ದು ಈ ಮರಣ.

ಸತ್ತದ್ದರ ಬಗ್ಗೆ ಮಾಮಾನ ತಕರಾರು ಇರಲಿಲ್ಲ. "ಸಾಯೋದು ಎಲ್ಲಾರಿಗೂ ಇದ್ದದ್ದ, ನಂದು ಸ್ವಲ್ಪ ಲಗೂ ತೋರಿಸ್ಯಾರ" ಎಂದು ಬಿಟ್ಟರು. ತಕರಾರು ಇದ್ದದ್ದು ಚಾಬೂಕಿನ ಬಗ್ಗೆ. ಸಿನಿಮಾದ ಮಾಮಾ ಹಟಮಾರಿ ಕುದುರೆಯೊಂದನ್ನು ಒಂದು ಹಾಡು ಮುಗಿಯುವುದರೊಳಗೆ ಚಾಬೂಕಿನಿಂದ ಬಾರಿಸಿ ಮಂಡಿಯೂರಿಸುತ್ತಾನೆ. ಜನ ಸೀಟಿ ಹೊಡೆದದ್ದು ಅಲ್ಲಿಯೇ.

ನಿಜವಾದ ಮಾಮಾನ ಪದ್ಧತಿಗೆ ಯಾರೂ ಸೀಟಿ ಹೊಡೆಯುವಂತಿರಲಿಲ್ಲ. ಹೊಸ ಕುದುರೆಯನ್ನು ಅಂಗಳದಲ್ಲಿ ಬಿಡುವುದು. ನಡುವೆ ಒಂದು ಸ್ಟೂಲು ಹಾಕಿಕೊಂಡು, ಕುದುರೆಗೆ ಬೆನ್ನು ಮಾಡಿ ಕೂತು, ಪೇಪರು ಓದುವುದು. ಅಷ್ಟೆ. ಕುದುರೆ ಒದೆಯಲಿ, ಕೆನೆಯಲಿ, ತಿರುಗಿ ನೋಡುವುದಿಲ್ಲ. ತನ್ನನ್ನು ಇಷ್ಟು ಉಪೇಕ್ಷೆ ಮಾಡುವ ಈ ಪ್ರಾಣಿ ಯಾವುದಿರಬಹುದು ಎಂದು ಕುದುರೆಗೇ ಕುತೂಹಲ ಹುಟ್ಟಿ, ಅದು ಎಂದಾದರೊಂದು ದಿನ ಹಿಂದಿನಿಂದ ಬಂದು ಅವರ ಹೆಗಲ ಮೇಲೆ ಮೂತಿ ಇಡಬೇಕು. ಅಲ್ಲಿಯವರೆಗೆ ಹಗ್ಗವಿಲ್ಲ, ಲಗಾಮಿಲ್ಲ.

"ಇದನ್ನ ಯಾರು ಕಲಿಸಿದ್ರು ಮಾಮಾ?" ಎಂದು ಒಮ್ಮೆ ಕೇಳಿದ್ದೆ.

"ನಿಮ್ಮ ಅತ್ತಿ," ಅಂದರು. "ಮದುವ್ಯಾದ ಹೊಸದಾಗಿ ನನ್ನ ಹಿಂಗ ಪಳಗಿಸಿದ್ಲು. ಮಾತಿಲ್ಲ, ಕಥಿಯಿಲ್ಲ. ಕಡೀಗೆ ನಾನ ಹೋದೆ."

ಅತ್ತಿ ಒಳಗಿನಿಂದ, "ಪಳಗಿದ್ದು ಯಾವಾಗ್ರಿ? ನನಗ ಗೊತ್ತ ಆಗ್ಲಿಲ್ಲ," ಅಂದರು.

ಹೆಗಲಿಗೆ ಮೂತಿ ಇಟ್ಟ ಮೇಲೆ ಪಾಠ ಕನ್ನಡದಲ್ಲಿ. ಬಾರವ್ವ, ನಿಲ್ಲು, ಸಾವಕಾಶ, ಸಾಕು. ಅವರಿಂದ ಕುದುರೆ ತಯಾರು ಮಾಡಿಸಿಕೊಂಡ ನಾಶಿಕದ ಟಾಂಗಾವಾಲಾಗಳು ಅನಿವಾರ್ಯವಾಗಿ ಇಷ್ಟು ಕನ್ನಡ ಕಲಿತಿದ್ದರು. ಅಲ್ಲಿಯೇ ಶಾಲೆಗೆ ಹೋಗುತ್ತಿದ್ದ ಅವರ ಮೊಮ್ಮಗಳಿಗೂ ಕನ್ನಡ ತಿಳಿಯುತ್ತಿತ್ತು, ಆದರೆ ಉತ್ತರ ಮರಾಠಿಯಲ್ಲಿ ಬರುತ್ತಿತ್ತು. ಕುದುರೆಗಳು ಎದುರುತ್ತರವನ್ನೇ ಕೊಡುತ್ತಿರಲಿಲ್ಲವಾದ್ದರಿಂದ ಮಾಮಾನ ಪ್ರೀತಿ ಎತ್ತ ವಾಲಿತ್ತೆಂದು ಹೇಳಬೇಕಾಗಿಲ್ಲ.

ಸಿನಿಮಾ ಬಂದ ಮೇಲೆ ಟಾಂಗಾ ಸ್ಟ್ಯಾಂಡಿನಲ್ಲಿ ಹೊಸ ಚಾಬೂಕುಗಳು ಕಾಣಿಸಿಕೊಂಡವು. ಬೆನ್ನ ಮೇಲೆ ಬಾಸುಂಡೆ ಎದ್ದ ಕುದುರೆಗಳು ಮಾಮಾನ ಅಂಗಳಕ್ಕೆ ಬರತೊಡಗಿದವು. ಬೈದರೆ ಟಾಂಗಾವಾಲಾಗಳ ಹತ್ತಿರ ಹಿಂದಿಯಲ್ಲಿ ಉತ್ತರ ತಯಾರಿತ್ತು: "ಚಾಚಾ, ನಿಮ್ಮ ಸಿನಿಮಾದಾಗ ನೀವ ಹೊಡೀತೀರಿ. ನಾವು ನಿಮ್ಮ ಶಿಷ್ಯರು." ಬದುಕಿರುವ ಮನುಷ್ಯನ ಮಾತಿಗಿಂತ ಸತ್ತವನ ಚಾಬೂಕಿಗೆ ಬೆಲೆ ಹೆಚ್ಚಾಗಿತ್ತು. ಮಾಮಾನ ಮೀಸೆ ಇಳಿದದ್ದನ್ನು ನಾನು ನೋಡಿದ್ದು ಆ ವರ್ಷವೊಂದೇ.

ಹೀಗಿರುವಾಗ, ಆ ಸಿನಿಮಾಕ್ಕೆ ಸ್ಫೂರ್ತಿಯಾದ ಅಸಲಿ ಮನುಷ್ಯನ ಮೇಲೆ ಸಾಕ್ಷ್ಯಚಿತ್ರ ತೆಗೆಯುತ್ತೇನೆಂದು ಮುಂಬಯಿಯಿಂದ ಒಬ್ಬ ನಿರ್ದೇಶಕ ಬಂದ. ಟಿವಿಯಲ್ಲಿ ತೋರಿಸುವಂಥದ್ದು. ಮಾಮಾ ಒಂದೇ ಕರಾರು ಹಾಕಿದರು: ಚಾಬೂಕಿಲ್ಲದೆ ಕುದುರೆ ಹೇಗೆ ಬರುತ್ತದೆಂದು ತೋರಿಸಬೇಕು. ನಿರ್ದೇಶಕ ಅವರ ಕಾಲು ಮುಟ್ಟಿ ಒಪ್ಪಿದ. ಕಾಲು ಮುಟ್ಟಿ ಒಪ್ಪುವವರ ಬಗ್ಗೆ ನಮ್ಮ ಬ್ಯಾಂಕಿನಲ್ಲಿ ನಾವು ಎಚ್ಚರಿಕೆಯಿಂದ ಇರುತ್ತೇವೆ, ಸೈನ್ಯದಲ್ಲಿ ಆ ಅಭ್ಯಾಸವಿಲ್ಲವೆಂದು ತೋರುತ್ತದೆ.

ನಿರ್ದೇಶಕನಿಗೆ ಹಿನ್ನೆಲೆಯಲ್ಲಿ ಕೋಟೆ ಗುಡ್ಡ ಬೇಕಿತ್ತು. ಅದಕ್ಕೆ ಔರಂಗಾಬಾದ್, ಅಂದರೆ ಈಗಿನ ಸಂಭಾಜಿನಗರ, ನಿಗದಿಯಾಯಿತು. ನಾನು ವರ್ಗವಾಗಿ ಅಲ್ಲಿದ್ದೆ. ನನ್ನ ಬಾಡಿಗೆ ಮನೆಯ ಹಿಂದೆ ದೊಡ್ಡ ಕಂಪೌಂಡಿತ್ತು. ಹೀಗೆ ಚರಿತ್ರೆ ನಮ್ಮ ಹಿತ್ತಲಿಗೆ ಬಂದಿತು. ಜೊತೆಗೆ ಮಾಮಾ, ಅತ್ತಿ, ಸ್ಟೂಲು, ಮತ್ತು ಅದೇ ಜಿಲ್ಲೆಯ ಕನ್ನಡ ಎಂಬ ಹೆಸರಿನ ತಾಲ್ಲೂಕು ಊರಿನ ಸಂತೆಯಿಂದ ತಂದ ಒಂದು ಕಂದು ಹೆಣ್ಣು ಕುದುರೆ. ಕನ್ನಡದಿಂದ ಬಂದಿದ್ದರೂ ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ಆ ಊರಿನಲ್ಲಿ ಯಾರಿಗೂ ಬರುವುದಿಲ್ಲ.

ಮಾಮಾ ಕೂತರು. ಕುದುರೆ ಕಂಪೌಂಡಿನ ದೂರದ ಮೂಲೆ ಹಿಡಿಯಿತು. ಕ್ಯಾಮರಾ ನಡುವೆ ನಿಂತಿತು. ನನ್ನ ಮನೆಗೆ ಟಪಾಲಿನಲ್ಲಿ ತಡವಾಗಿ ಬರುತ್ತಿದ್ದ ಕನ್ನಡ ಪೇಪರಿನ ಹಳೆಯ ಸಂಚಿಕೆಗಳನ್ನೆಲ್ಲ ಮಾಮಾ ಓದಿ ಮುಗಿಸಿದರು, ಟೆಂಡರ್ ನೋಟೀಸು ಸಮೇತ. ಮನೆ ಮಾಲಕರು ದಿನಾ ಸಂಜೆ ಬಂದು, "ಕಾಯ್ ಸಾಹೇಬ, ಸುರೂ ಕಧೀ ಹೋಣಾರ?" ಎಂದು, ಶುರು ಯಾವಾಗ ಎಂದು ವಿಚಾರಿಸುತ್ತಿದ್ದರು. ಶುರುವಾಗಿದೆ ಎಂದರೆ ನಂಬುತ್ತಿರಲಿಲ್ಲ.

ನಿರ್ದೇಶಕನ ಸಹನೆ ರೀಲಿಗಿಂತ ಮೊದಲು ಮುಗಿಯಿತು. ಹತ್ತಿರದ ಖುಲ್ತಾಬಾದಿನ ಬಜಾರಿಗೆ ಹೋಗಿ, ಕೆಂಪು ಗೊಂಡೆ ಕಟ್ಟಿದ ಚಾಬೂಕೊಂದನ್ನು ತಂದ.

ಇಲ್ಲಿ ಒಂದು ಮಾತು ಹೇಳಬೇಕು. ಮಾಮಾನಿಗೆ ಹಿಂದಿ ನನಗಿಂತ ಚೆನ್ನಾಗಿ ಬರುತ್ತಿತ್ತು. ಆದರೆ ಆ ದಿನದಿಂದ ಅವರು ಕನ್ನಡ ಬಿಟ್ಟು ಬೇರೆ ಮಾತಾಡಲಿಲ್ಲ. "ಹಿಂದಿಯೊಳಗ ನನ್ನ ಬಾಯಾಗ 'ಹಾಂ ಜೀ' ಲಗೂ ಬರ್ತದ, ಅಭ್ಯಾಸ. ಕನ್ನಡದಾಗ 'ಒಲ್ಲೆ' ಅಂತ ಚಂದ ಅನ್ಲಿಕ್ಕೆ ಬರ್ತದ," ಎಂಬುದು ಅವರ ವಿವರಣೆ. ಹಾಗಾಗಿ ಪರಸ್ಪರ ಪೂರ್ತಿ ಅರ್ಥವಾಗುತ್ತಿದ್ದ ಇಬ್ಬರ ನಡುವೆ ನಾನು ದುಭಾಷಿಯಾಗಿ ನೇಮಕಗೊಂಡೆ. ಬ್ಯಾಂಕಿಗೆ ರಜೆ ಹಾಕಿ ಇಷ್ಟು ಅನಾವಶ್ಯಕವಾದ ಕೆಲಸವನ್ನು ಇಷ್ಟು ಗಂಭೀರವಾಗಿ ನಾನು ಇನ್ನೆಂದೂ ಮಾಡಿಲ್ಲ.

"ಕುದುರೆಗೆ ಹೊಡೆಯುವುದು ಬೇಡ, ಗಾಳಿಯಲ್ಲಿ ಒಂದು ಸಲ ಬೀಸಿದರೆ ಸಾಕು ಅನ್ನುತ್ತಾರೆ," ಎಂದೆ.

"ಗಾಳಿ ಏನ್ ತಪ್ಪು ಮಾಡೇದ ಕೇಳು."

ಕೇಳಿದೆ. ನಿರ್ದೇಶಕ ನನ್ನನ್ನೇ ನೋಡಿದ. "ನೋಡುವವರಿಗೆ ಅದೇ ಬೇಕು, ಸರ್. ಆ ಸೀನು ನೆನಪಿಟ್ಟುಕೊಂಡೇ ಟಿವಿ ಹಾಕುತ್ತಾರೆ."

"ಅದಕ್ಕ ಒಲ್ಲೆ ಅನ್ನು."

ಅತ್ತಿ ನಡುವೆ ಬಂದರು. "ಏನ್ರಿ, ಒಮ್ಮೆ ಬೀಸಿ ಕೊಟ್ಟು ಕಳಿಸ್ರಿ. ಈ ಬಿಸಲಾಗ ಈ ಮಂದಿಗೆಲ್ಲ ಜ್ವಾಳದ ಭಕ್ರಿ ಬಡದು ಬಡದು ಹುಡುಗಿ ಕೈ ಬಿದ್ದು ಹೋಗ್ಯಾವ." ಹುಡುಗಿ ಅಂದರೆ ನನ್ನ ಹೆಂಡತಿ. ಅವಳು ಅಡುಗೆಮನೆಯಿಂದಲೇ, "ನನ್ನ ಕೈ ಚಲೋ ಅದಾವ್ರಿ ಅತ್ತಿ. ಮಾಮಾರು ಬೀಸಿದ್ರ ನಾಳಿಂದ ಬಡಿಯಾಂಗಿಲ್ಲ," ಅಂದಳು. ಮಾಮಾನ ಮೀಸೆ ಎರಡೂ ಕಡೆ ಸಮನಾಗಿ ಮೇಲೆದ್ದಿತು.

ನಿರ್ದೇಶಕ ಕೊನೆಯ ಬಾಣ ಬಿಟ್ಟ. ಊರಿನ ಮದುವೆ ಕುದುರೆಯವನೊಬ್ಬನಿಗೆ ಮಾಮಾನ ಕೋಟು ತೊಡಿಸಿ, ಹಿಂದಿನಿಂದ ತೆಗೆದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದ. ಇದನ್ನು ಅನುವಾದಿಸುವ ಮೊದಲೇ ಮಾಮಾ ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿಕೊಂಡರು. ಆ ಬೇಸಿಗೆಯಲ್ಲಿ, ಔರಂಗಾಬಾದಿನ ಆ ಬಿಸಿಲಿನಲ್ಲಿ, ಕೋಟು ಅವರ ಮೈಮೇಲಿಂದ ಇಳಿಯಲಿಲ್ಲ. ಊಟಕ್ಕೂ ಕೋಟು, ಮಲಗಲಿಕ್ಕೂ ಕೋಟು. ಸ್ನಾನಕ್ಕೆ ಹೋದಾಗ ಅದನ್ನು ನಾನು ತೊಟ್ಟುಕೊಂಡು ಬಚ್ಚಲ ಬಾಗಿಲಿಗೆ ನಿಲ್ಲಬೇಕಿತ್ತು. ನಿಂತೆ. ದೇಶದ ಗಡಿ ಕಾಯುವವರ ಬಗ್ಗೆ ಅಂದಿನಿಂದ ನನಗೆ ಗೌರವ ಹೆಚ್ಚಾಗಿದೆ.

ಸಿನಿಮಾದವರು ಮರುದಿನ ಹೊರಡುವುದೆಂದಾದಾಗ, ಮಾಮಾ ತಾವಾಗಿಯೇ ಕೈ ಚಾಚಿದರು. "ಕೊಡ್ರಿ ಇಲ್ಲೆ, ಆ ಚಾಬೂಕು."

ನಿರ್ದೇಶಕನ ಮುಖ ಅರಳಿತು. ಕ್ಯಾಮರಾ ಚಾಲೂ ಆಯಿತು. ಅತ್ತಿ ಕಣ್ಣು ಮುಚ್ಚಿಕೊಂಡರು. ಮಾಮಾ ಚಾಬೂಕನ್ನು ಒಮ್ಮೆ ಕೈಯಲ್ಲಿ ಎಳೆದು ನೋಡಿ, ಗೋಡೆಯ ಬದಿಗಿದ್ದ ಹಸಿ ಮೇವನ್ನು ಒಟ್ಟುಮಾಡಿ, ಅದೇ ಚಾಬೂಕಿನ ಬಾರಿನಿಂದ ಸಿವುಡು ಕಟ್ಟಿದರು. ಎರಡು ಗಂಟು, ಗಟ್ಟಿ. ಸಿವುಡನ್ನು ಸ್ಟೂಲಿನ ಕಾಲಿಗೆ ಆನಿಸಿಟ್ಟು, ಕುದುರೆಗೆ ಬೆನ್ನು ಮಾಡಿ ಕೂತು, ಪೇಪರು ಬಿಡಿಸಿದರು.

"ಕಟ್" ಎಂದ ನಿರ್ದೇಶಕ. ಕ್ಯಾಮರಾದವನು ಕೈಯೆತ್ತಿ ಸುಮ್ಮನಿರೆಂದ. ಕುದುರೆ ಕಿವಿ ತಿರುಗಿಸಿತ್ತು.

ಅದು ಬಂದಿತು. ಸಾಲ ಕೇಳಲು ಬಂದವರ ಹಾಗೆ ನಾಲ್ಕು ಹೆಜ್ಜೆ ಮುಂದೆ, ಎರಡು ಹಿಂದೆ. ಸಿವುಡನ್ನು ಮೂಸಿತು, ಕೆಂಪು ಗೊಂಡೆಯನ್ನು ಮೂಸಿತು, ಒಂದು ಬಾಯಿ ಮೇವು ಎಳೆದುಕೊಂಡಿತು. ಆಮೇಲೆ ಮೇವನ್ನು ಬಿಟ್ಟು, ಅಗಿಯುತ್ತಲೇ, ಖಾಕಿ ಕೋಟಿನ ಹೆಗಲ ಮೇಲೆ ಮೂತಿ ಇಟ್ಟಿತು. ಮಾಮಾ ತಿರುಗಲಿಲ್ಲ. ಪುಟ ತಿರುವಿದರು.

ಟಿವಿಯಲ್ಲಿ ಅದು ಬಂದ ಸಂಜೆ ನಾನು ನಾಶಿಕಕ್ಕೆ ಹೋಗಿದ್ದೆ. ಟಾಂಗಾ ಸ್ಟ್ಯಾಂಡಿನ ಮಂದಿಯೆಲ್ಲ ಮಾಮಾನ ಮನೆಯಲ್ಲಿ ಕೂತಿದ್ದರು. ಮೊದಲು ಸಿನಿಮಾದ ಚಾಬೂಕಿನ ಹಾಡನ್ನೇ ತೋರಿಸಿದರು. ಸೀಟಿ ಬಿತ್ತು. ಆಮೇಲೆ ನಮ್ಮ ಹಿತ್ತಲು. ದಪ್ಪ ದನಿಯ ಹಿಂದಿ ಮನುಷ್ಯನೊಬ್ಬ ಹಿನ್ನೆಲೆಯಲ್ಲಿ, ಒಂದು ಕಾಲದ ಈ ವೀರ ಈಗ ದಣಿದಿದ್ದಾನೆ, ಹಳೆಯ ದಿನಗಳ ನೆನಪಿನಲ್ಲಿ ಹೀಗೆ ಕೂತಲ್ಲೇ ತೂಕಡಿಸುತ್ತಾನೆ ಎಂದು ಶೋಕಿಸತೊಡಗಿದ. ನನ್ನ ಮೈ ಉರಿಯಿತು. ಅಷ್ಟರಲ್ಲಿ ತೆರೆಯ ಮೇಲೆ ಕಂದು ಕುದುರೆ ನಾಲ್ಕು ಹೆಜ್ಜೆ ಮುಂದೆ, ಎರಡು ಹಿಂದೆ ಬರುತ್ತ ಬರುತ್ತ, ಬಂದೇ ಬಿಟ್ಟಿತು. ಕೋಣೆಯಲ್ಲಿ ಯಾರೂ ಸೀಟಿ ಹೊಡೆಯಲಿಲ್ಲ. ಬೀಡಿ ಕಚ್ಚಿದವರು ಎಳೆಯುವುದನ್ನು ಮರೆತರು.

ಹಿರಿಯ ಟಾಂಗಾವಾಲಾ ಒಬ್ಬ ಬೀಡಿ ಕೆಳಗಿಟ್ಟು ಮಾಮಾನ ಕಡೆ ತಿರುಗಿದ. "ಚಾಚಾ, ನೀವು ನಿದ್ದಿ ಹೊಡ್ಯಾಕತ್ತಿದ್ರಿ. ಕುದುರಿ ತಾನ ಬಂತು."

"ಟಿವಿಯವನು ಹಾಂಗ ಅಂದ್ನಲ್ಲ," ಎಂದು ನಾನು ಬಾಯಿ ಹಾಕಿದೆ. "ಅದು ಸುಳ್ಳು, ಒಂದು ತಕರಾರು ಅರ್ಜಿ ಕಳಿಸೋಣ ಮಾಮಾ."

"ಬಿಡೋ," ಅಂದರು ಮಾಮಾ. "ನಿದ್ದಿ ಮಾಡಿದ್ದೆ ಅನ್ಲಿ. ಮುದುಕಾಗೇನಿ ಅನ್ಲಿ. ಸತ್ತೇನಂತ ಬೇಕಾದ್ರ ಇನ್ನೊಮ್ಮೆ ಅನ್ಲಿ. ಹೊಡದೆ ಅಂತ ಮಾತ್ರ ಇನ್ನ ಯಾರೂ ಅನ್ನಂಗಿಲ್ಲ." ಹಾಗೆಂದು ಟಾಂಗಾವಾಲಾನ ಕಡೆ ತಿರುಗಿದರು. "ನಾಳೆ ನಿನ್ನ ಕುದುರಿ ತಗೊಂಡು ಬಾ. ಸ್ಟೂಲು ನಿಮ್ಮ ಮನಿದ ತರಬೇಕು."

ಅವನು ತಂದ. ಅವನನ್ನು ನೋಡಿ ಇನ್ನೂ ಕೆಲವರು ತಂದರು. ಎಲ್ಲರೂ ಅಲ್ಲ, ಕೆಲವರು ಕೊನೆಯವರೆಗೂ ಸಿನಿಮಾದ ಮಾಮಾನ ಶಿಷ್ಯರಾಗಿಯೇ ಉಳಿದರು.

ಆ ಕೆಂಪು ಗೊಂಡೆಯ ಚಾಬೂಕು ನಮ್ಮ ಹಿತ್ತಲಲ್ಲೇ ಉಳಿಯಿತು. ಅದನ್ನು ವಾಪಸು ಕಳಿಸಬೇಕೆಂದು ನಿರ್ದೇಶಕ ಬ್ಯಾಂಕಿಗೆ ಫೋನು ಮಾಡಿ ಕೇಳಿದ. ನಾನು ಅವನಿಗೆ ಕನ್ನಡದಲ್ಲಿ ಉತ್ತರ ಕೊಟ್ಟೆ. ಒಲ್ಲೆ ಅನ್ನಲು ಅದು ನಿಜವಾಗಿಯೂ ಚಂದದ ಭಾಷೆ. ಎಷ್ಟು ಊರಿಗೆ ವರ್ಗವಾದರೂ ಆ ಚಾಬೂಕು ನಮ್ಮ ಜೊತೆಗೇ ಬಂದಿದೆ. ನನ್ನ ಹೆಂಡತಿ ಅದನ್ನು ಹಗ್ಗದ ಹಾಗೆ ಕಟ್ಟಿ, ಅದರ ಮೇಲೆ ಒದ್ದೆ ಟವೆಲು ಒಣಹಾಕುತ್ತಾಳೆ.