ಮುರಿದಿರದ ತೊಟ್ಟಿಲು

ಮುಬೀನಾ, ಆ ತೊಟ್ಟಿಲು ಮುರಿದಿರಲಿಲ್ಲ. ನಾನು ಸುಳ್ಳು ಹೇಳಿದೆ — ನಿನ್ನ ಮುಖ ನೋಡಿಕೊಂಡೇ.

ಹುಣಸೂರಿನ ನಮ್ಮ ಬೀದಿಯವರೆಲ್ಲ ಸೇರಿ, ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ಸಾಮಾನನ್ನು ಒಂದು ಖಾಲಿ ಕೋಣೆಗೆ ತಂದಿಟ್ಟಿದ್ದೆವಲ್ಲ — ಏಣಿ, ದೊಡ್ಡ ಇಡ್ಲಿ ಪಾತ್ರೆ, ಮುದುಕರ ವಾಕರ್. ಬೇಕಾದವರು ಒಯ್ಯುವುದು, ಮುಗಿದ ಮೇಲೆ ತೊಳೆದು ತಂದಿಡುವುದು. ಕೀ ನನ್ನ ಹತ್ತಿರ. ಬೀದಿಗೇ ಯಜಮಾನಿ ಎಂಬ ಜಂಬವೂ ಇತ್ತು, ಇಲ್ಲವೆನ್ನಲಾರೆ. ಬೆಟ್ಟದಪುರದ ಕಡೆಯವರೊಬ್ಬರು ಕೊಟ್ಟ ಹಲಸಿನ ಮರದ ತೊಟ್ಟಿಲಲ್ಲಿ ಆರು ಮಕ್ಕಳು ಮಲಗಿ, ಗುಂಡುಗುಂಡಾಗಿ ಬೆಳೆದಿದ್ದವು.

ನಿನ್ನ ಮಗಳು ಹೆತ್ತಾಗ ನೀನು ಅದನ್ನು ಕೇಳಲು ಬಂದೆ. ಆಗ ನನ್ನ ಮಗಳೂ ಹೆರಿಗೆಗೆಂದು ಬಂದಿದ್ದಳು — ಮದುವೆಯಾಗಿ ಎಂಟು ವರ್ಷಕ್ಕೆ ನಿಂತ ಬಸಿರು. ನಿನಗೆ ಕೊಟ್ಟರೆ ಹೊತ್ತಿಗೆ ವಾಪಸ್ ಬರುವುದಿಲ್ಲ, ಅಷ್ಟು ಮಕ್ಕಳನ್ನು ಸಾಕಿದ ತೊಟ್ಟಿಲು ನಮಗೇ ಇರಲಿ ಎಂದು... "ಕಾಲು ಮುರ್ದೋಗದೆ ಕಣೆ" ಅಂದುಬಿಟ್ಟೆ.

ನಿನ್ನ ಗಂಡ ಬಡಗಿ ಎಂಬುದೇ ಮರೆತುಹೋಗಿತ್ತು ನೋಡು! ಮರುದಿನ ರಹೀಮಣ್ಣನ ಫೋನು: "ಅಕ್ಕಾ, ಮುರ್ದಿದ್ರೆ ನಂಗ್ ಯೋಳ್ಬಾರ್ದಾ? ಮಧ್ಯಾನ ಬತ್ತೀನಿ ಬುಡಿ." ನಾನು ಕೋಣೆಗೆ ಓಡಿ, ಗಟ್ಟಿಮುಟ್ಟಾಗಿದ್ದ ಕಾಲನ್ನು ಗುಂಡುಕಲ್ಲಿನಿಂದ ಬಡಿದು ಮುರಿದೆ.

ರಹೀಮಣ್ಣ ಮುರಿದ ಜಾಗವನ್ನು ಬೆರಳಲ್ಲಿ ಸವರಿದರು. ಹಳೆಯ ಮರದ ಒಳಗೆ ಹೊಸ ಹಳದಿ ಕಾಣುತ್ತಿತ್ತು. "ಇದು ಈಗ ಮುರ್ದಿರೋದು ಕಣಕ್ಕ" ಅಂದರು. ಎದುರು ಅಂಗಳದಲ್ಲಿ ನಿಂತಿದ್ದ ನನ್ನ ಮಗಳ ತುಂಬು ಹೊಟ್ಟೆಯತ್ತ ಒಮ್ಮೆ ನೋಡಿದರು. ತೊಟ್ಟಿಲನ್ನು ಹೊತ್ತು ತಮ್ಮ ಅಂಗಡಿಗೆ ಒಯ್ದರು. ನನ್ನ ಮಗಳು ಹೆತ್ತ ವಾರ ಅದನ್ನು ಸರಿಮಾಡಿ ನಮ್ಮ ಮನೆಗೇ ತಂದಿಟ್ಟರು.

ನಿನಗೆ ಮಾತ್ರ ಅಷ್ಟು ದಿನವೂ "ಸರಿಯಾದ್ ಮರ ಸಿಕ್ಕಿಲ್ಲ" ಎಂದೇ ಹೇಳುತ್ತಿದ್ದರು. ಬಡಗಿಯ ಮನೆಯ ಕೂಸು ಸೀರೆಯ ಜೋಲಿಯಲ್ಲಿ ಮಲಗಿತು. "ಊರಿಗೆಲ್ಲ ಮಾಡ್ಕೊಡ್ತಾರೆ, ಸ್ವಂತ ಮೊಮ್ಮಗಳಿಗೆ ಆಗ್ಲಿಲ್ಲ, ಸೋಂಬೇರಿ!" ಎಂದು ನೀನು ಇವತ್ತಿಗೂ ಎಲ್ಲರೆದುರು ರೇಗುತ್ತೀಯ. ಬೀದಿಯವರು ನಗುತ್ತಾರೆ, ರಹೀಮಣ್ಣನೂ ನಗುತ್ತಾರೆ. ನಾನೂ ನಕ್ಕಿದ್ದೇನೆ — ಅದಕ್ಕೇ ನನಗೆ ಹೆಚ್ಚು ನಾಚಿಕೆ.

ಈಗ ನಿನ್ನ ಮೊಮ್ಮಗಳೂ ನನ್ನ ಮೊಮ್ಮಗನೂ ಒಂದೇ ಆಟೋದಲ್ಲಿ ಶಾಲೆಗೆ ಹೋಗುತ್ತಾರೆ. ಕೋಣೆಯಲ್ಲಿ ಸಾಮಾನು ಇಡಲು ಜಾಗವಿಲ್ಲ. ನಾನು ಸುಖವಾಗಿದ್ದೇನೆ, ಮುಬೀನಾ. ಆ ಸುಖದಲ್ಲಿ ನಿನ್ನಿಂದ ಕಸಿದುಕೊಂಡದ್ದೂ ಇದೆ.

ಸಂಜೆ ನಿಮ್ಮ ಮನೆಗೆ ಬರುತ್ತೇನೆ. ರಹೀಮಣ್ಣನನ್ನೂ ಪಕ್ಕದಲ್ಲಿ ಕೂರಿಸಿಕೊ. ಅವರೆದುರೇ ಎಲ್ಲ ಹೇಳುತ್ತೇನೆ. ಆಮೇಲೆ ರೇಗುವುದಿದ್ದರೆ ನನ್ನ ಮೇಲೆ ರೇಗು.