ಪಿಳ್ಳಪ್ಪನವರ ಕೊನೆಯ ಬೇಸಾಯ

ಅಟ್ಟೂರಿನ ಪಿಳ್ಳಪ್ಪನವರು ಎಂಬತ್ತರ ಹೊಸ್ತಿಲಲ್ಲಿ ಸೂರ್ಯನ ಮೇಲೆ ಯುದ್ಧ ಸಾರಿದರು. ಆಯುಧ ಒಂದು ಹಸಿರು ಪೈಪು. ರಣರಂಗ, ಮಗ ಗೋಪಿ ಕಟ್ಟಿಸುತ್ತಿದ್ದ ಬಾಡಿಗೆ ಮನೆಗಳ ತಾರಸಿಯ ಮೋಲ್ಡು. ಹೊಸ ಕಾಂಕ್ರೀಟು ಏಪ್ರಿಲ್ ಬಿಸಿಲಿಗೆ ಒಣಗಿದರೆ ಬಿರುಕು ಬಿಡುತ್ತದೆ, ಮೇಲೆ ನೀರು ನಿಂತೇ ಇರಬೇಕು. ಆ ಕೆಲಸಕ್ಕೆ ಬಂದ ಆಳನ್ನು ಪಿಳ್ಳಪ್ಪನವರು ಓಡಿಸಿದರು.

"ಗದ್ದೆ ಮಾಡ್ದೋನ್ಗೆ ಬದು ಕಟ್ಟೋದು ಯೇಳ್ಕೊಡ್ತೀಯೇನ್ಲಾ?"

ಸಿಮೆಂಟಿನಲ್ಲೇ ಬದು ಕಟ್ಟಿ, ಮೋಲ್ಡನ್ನು ಚೌಕ ಚೌಕ ಗದ್ದೆ ಮಾಡಿ, ಒಂದರಿಂದ ಇನ್ನೊಂದಕ್ಕೆ ನೀರು ಹಾಯಿಸಿದರು. ಅವರ ನಿಜವಾದ ಗದ್ದೆ ಇದ್ದದ್ದೂ ಅಲ್ಲೇ, ಮೂರು ಮಹಡಿ ಕೆಳಗೆ.

ಮಹಾವೀರರಿಗೆ ಹೆದರಿಕೆ ಇದ್ದದ್ದು ಬಿ.ಪಿ. ಮಾತ್ರೆಗೆ. ನುಂಗಿದರೆ ಗಳಿಗೆಗೊಮ್ಮೆ ಮೂತ್ರ. ಹಿಂದೆ ಯಾವ ಬೇಲಿಯಾದರೂ ಸಾಕಿತ್ತು. ಈಗ ಸುತ್ತಲೂ ಬಾಲ್ಕನಿ, ಬಾಲ್ಕನಿಗೊಬ್ಬ ಮೇಡಂ. ಇಳಿದು ಹೋಗಲು ಮಂಡಿ ಒಪ್ಪದು. ಹಾಗಾಗಿ ನೀರು ಕುಡಿಯುವುದನ್ನೇ ಬಿಟ್ಟರು. ಸೊಸೆ ಶಾಂತಲಾ ಕೊಟ್ಟ ಮಜ್ಜಿಗೆ ಬಾಟಲಿ ತುಂಬಿದ್ದು ತುಂಬಿದಂತೆ ವಾಪಸು ಬರುತ್ತಿತ್ತು.

"ಮಾವ, ಈ ಬಿಸಿಲಲ್ಲಿ ಹಿಂಗೇ ನಿಂತ್ರೆ ಜೀವಕ್ಕೆ ಬರತ್ತೆ. ಒಂದ್ ಗುಟುಕು ಕುಡೀರಿ."

"ನಂಗೆ ಬಾಯಾರಿಕೇನೇ ಆಗಲ್ಲ ಕಣಮ್ಮ!"

ಸುಳ್ಳಲ್ಲ. ಆ ವಯಸ್ಸಿಗೆ ಮೈ ಬಾಯಾರಿಕೆಯ ಸುದ್ದಿಯನ್ನೇ ಸರಿಯಾಗಿ ತಲುಪಿಸುವುದಿಲ್ಲ. ಅದನ್ನು ಅವರು ಶೌರ್ಯದ ಖಾತೆಗೆ ಸೇರಿಸಿಕೊಂಡಿದ್ದರು.

ಒಂದು ಮಧ್ಯಾಹ್ನ ಗೋಪಿ ಮೇಲೆ ಹತ್ತಿದಾಗ, ಪಿಳ್ಳಪ್ಪನವರು ಬಗ್ಗಿ, ಹಿಂದೆ ಹಿಂದೆ ಸರಿಯುತ್ತ, ಕಂಬಿ ಕಟ್ಟುವ ತಂತಿಯ ತುಂಡುಗಳನ್ನು ನೀರಿನಲ್ಲಿ ಸಾಲಾಗಿ ನಾಟಿ ಹಾಕುತ್ತಿದ್ದರು. ಕಾಂಕ್ರೀಟಿನಲ್ಲಿ ನಿಲ್ಲದೆ ಬಿದ್ದವನ್ನು ಎತ್ತಿ ಮತ್ತೆ ನೆಡುತ್ತಿದ್ದರು. ಊರನ್ನೆಲ್ಲ ನಗಿಸುವ ಅಪ್ಪನ ಹೊಸ ನಾಟಕವೆಂದು ಗೋಪಿ ಮೊಬೈಲ್ ತೆಗೆದ.

"ಏನಪ್ಪಾ, ಬೆಳೆ ಎಂಗೈತೆ?"

"ಬಿರ್‍ನೆ ನೆಡ್ಲಾ, ಕೆರೆ ನೀರು ನಿಂತೋಯ್ತದೆ. ನೀನ್ ಯಾರ ಮಗ?"

"ಪಿಳ್ಳಪ್ಪನ್ ಮಗ!"

"ಪಿಳ್ಳಪ್ಪಂಗೆ ಇನ್ನೂ ಮದ್ವೆನೇ ಆಗಿಲ್ವಲ್ಲೋ."

ಗೋಪಿ ಬಿದ್ದೂ ಬಿದ್ದೂ ನಕ್ಕು ಆ ವಿಡಿಯೋವನ್ನು ನೆಂಟರ ಗ್ರೂಪಿಗೆ ಹಾಕಿದ. ಕೆಳಗೆ ಶಾಂತಲಾ ತನ್ನ ಮೊಬೈಲಿನಲ್ಲಿ ಅದನ್ನು ನೋಡಿದಳು. ಉರಿಬಿಸಿಲಿನಲ್ಲಿ ಮಾವನ ಕೆಂಡದಂಥ ಮುಖದ ಮೇಲೆ ಒಂದು ಹನಿ ಬೆವರಿಲ್ಲ. ಕಿರುಚುತ್ತ ಮೆಟ್ಟಿಲು ಹತ್ತಿದಳು. ಅಷ್ಟರಲ್ಲಿ ಪಿಳ್ಳಪ್ಪನವರು ತಮ್ಮ ಗದ್ದೆಯಲ್ಲೇ ಮುಗ್ಗರಿಸಿ ಬಿದ್ದಿದ್ದರು. ಮೈ ಮುಟ್ಟಿದರೆ ಕಾದ ಹೆಂಚು. ನೆರಳಿಗೆ ಎಳೆದು, ಪೈಪಿನ ನೀರನ್ನೆಲ್ಲ ಅವರ ಮೇಲೆ ಸುರಿದರು. ಗೋಪಿಯ ಜೇಬಿನಲ್ಲಿ ನೆಂಟರು ಕಳಿಸುತ್ತಿದ್ದ ನಗುಮುಖಗಳು ಟಿಣ್ ಟಿಣ್ ಎನ್ನುತ್ತಲೇ ಇದ್ದವು.

ಮೋಲ್ಡು ಒಂದು ಕೂದಲೆಳೆಯಷ್ಟೂ ಬಿರುಕು ಬಿಟ್ಟಿಲ್ಲ. ಮೇಸ್ತ್ರಿ ತಟ್ಟಿ ನೋಡಿ ಭೇಷ್ ಎಂದ.

ಆಸ್ಪತ್ರೆಯಿಂದ ಮನೆಗೆ ಬಂದದ್ದು ಮದುವೆಯಾಗದ ಪಿಳ್ಳಪ್ಪ. ಹೆಂಡತಿ ಲಕ್ಕಮ್ಮ ಹತ್ತಿರ ಬಂದರೆ ನಾಚಿ ಗೋಡೆಯ ಕಡೆ ತಿರುಗುತ್ತಾರೆ. ಆಕೆ ನೀರಿನ ಲೋಟ ಹಿಡಿದು "ಕುಡ್ಕಳಿ" ಎಂದರೆ, ಯಾರ ಮನೆಯ ಹೆಣ್ಣೋ ಎಂದು ಮರ್ಯಾದೆಯಿಂದ ಹೇಳುತ್ತಾರೆ:

"ಮೊದ್ಲು ಗದ್ದೆಗೆ ಬಿಡಮ್ಮ."