ಬಾಟಲಿಯಲ್ಲಿ ಬೆಳೆದ ತವರಿನ ಬಾಳೆ

ಬಾಳೆಗಿಡವನ್ನು ಬಾಟಲಿಯೊಳಗೆ ನೋಡಿದಂದಿನಿಂದ, ಉಪ್ಪಿನಕಾಯಿಯ ಮುಚ್ಚಳ ತೆಗೆಯುವಾಗಲೂ ನನಗೆ ಸಣ್ಣ ಅಳುಕು. ಒಳಗೆ ಏನಾದರೂ ಎಲೆ ಬಿಟ್ಟಿದ್ದರೆ?

ದುಂಡಸಿಯಲ್ಲಿರುವ ನನ್ನ ಅಕ್ಕ ಗಂಗವ್ವನ ಹಿತ್ತಲಲ್ಲಿ ಒಂದು ಬಾಳೆ ಇತ್ತು. ಮದುವೆಯಾಗಿ ಹೊರಟಾಗ ಅವ್ವ ತವರೂರು ಅಬಲೂರಿನಿಂದ ಕೊಟ್ಟು ಕಳಿಸಿದ ಕಂದು, ಬುಡದಲ್ಲಿ ಒಡೆದ ಮರಿ, ಬಚ್ಚಲ ನೀರು ಕುಡಿದು ಹಿಂಡಾಗಿತ್ತು. ಗಿಡ್ಡ ಹಣ್ಣು, ತೆಳು ಸಿಪ್ಪೆ, ಸಂತೆಯಲ್ಲಿ ಸಿಗುವಂಥದ್ದಲ್ಲ. ಅವ್ವ ತೀರಿಕೊಂಡ ಮೇಲೆ ಅಬಲೂರಿನಲ್ಲಿ ಆ ತಳಿಯೂ ಇಲ್ಲವಾಯಿತು. ಕೆಲವು ವರ್ಷಗಳ ಹಿಂದೆ ಅಕ್ಕನ ಗಿಡಗಳಿಗೂ ರೋಗ ಬಡಿಯಿತು. ಎಲೆಗಳು ಮುರುಟಿ ನೆತ್ತಿಯಲ್ಲಿ ಗೊಂಚಲುಗಟ್ಟಿದವು. ತಿಳಿದವರು ಕಿತ್ತು ಸುಡಿರೆಂದರು.

ನಾನಿರುವುದು ಹಾನಗಲ್ಲಿನಲ್ಲಿ. ಅಲ್ಲಿ ಅಂಗಾಂಶ ಕೃಷಿಯ, ಅಂದರೆ ಗಿಡದ ಚೂರಿನಿಂದಲೇ ಹೊಸ ಗಿಡ ಬೆಳೆಸುವ ಪ್ರಯೋಗಾಲಯವೊಂದು ನನಗೆ ಪರಿಚಯ; ಸುಡುವ ಮೊದಲು ಒಂದು ಕಂದು ತಾ ಎಂದೆ. ಅಕ್ಕ ಒಂದು ಕಂದನ್ನು ಸೀರೆಯಲ್ಲಿ ಸುತ್ತಿ, ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದಳು.

ಅಲ್ಲಿಯ ಮೇಡಂ ಚಾಕು ಹಿಡಿದು ಅದರ ಪದರ ಸುಲಿಯತೊಡಗಿದರು. ಸುಲಿದರು, ಮತ್ತೆ ಸುಲಿದರು. ಕೊನೆಗೆ ಉಗುರಿನ ತುದಿಯಷ್ಟು ಬಿಳಿಯದೇನೋ ಉಳಿಯಿತು, ಮಿಕ್ಕದ್ದೆಲ್ಲ ಕಸದ ಬುಟ್ಟಿಗೆ. ಅಕ್ಕ ಬುಟ್ಟಿಗೆ ಬಗ್ಗಿ ಆ ಪದರಗಳನ್ನು ಎತ್ತಿಕೊಂಡಳು.

“ಏನ್ ಮಾಡಿದ್ರಿ ಬಾಯಾರ? ಇಡೀ ಗಿಡಾನ ಹೋತಲ್ರಿ.”

“ರೋಗ ಮುಟ್ಟದ ಜಾಗಾ ಅಂದ್ರ ಈ ತುದಿ ಒಂದರೀ. ಇದು ಬದುಕಿದ್ರ ನಿಮ್ಮ ಬಾಳಿ ಬದುಕ್ತೈತಿ.”

“ಬದುಕಲಿಲ್ಲಂದ್ರ?”

ಮೇಡಂ ಸುಳ್ಳು ಹೇಳಲಿಲ್ಲ. ಆ ತುದಿಯನ್ನು ಬಾಟಲಿಯೊಂದಕ್ಕೆ ಇಳಿಸಿ ಮುಚ್ಚಳ ಹಾಕಿದರು.

ಊರಿಗೆ ಮರಳಿದ ಅಕ್ಕ ಹಿತ್ತಲಿನ ಹಿಂಡನ್ನೆಲ್ಲ ತಾನೇ ಕಿತ್ತು ಸುಟ್ಟಳು. ಬಹಳ ದಿನ ಹಿಂಬಾಗಿಲು ತೆರೆಯಲಿಲ್ಲ.

ತಿಂಗಳುಗಳ ಮೇಲೆ ಪ್ರಯೋಗಾಲಯದಿಂದ ಕರೆ ಬಂತು. ಅಕ್ಕನೊಂದಿಗೆ ಹೋಗಿ ನೋಡಿದರೆ, ಟ್ಯೂಬ್‌ಲೈಟಿನ ಕೆಳಗೆ ಸಾಲು ಸಾಲು ಬಾಟಲಿಗಳು, ಒಳಗೆ ಬೆರಳುದ್ದದ ಬಾಳೆಗಿಡಗಳು. ಮಣ್ಣಿಲ್ಲ, ಗೊಬ್ಬರವಿಲ್ಲ, ಸಕ್ಕರೆ ಬೆರೆಸಿದ ಲೋಳೆಯಲ್ಲಿ ನಿಂತಿವೆ. ಅಕ್ಕನ ಬಾಯಿ ತೆರೆದದ್ದು ತೆರೆದೇ ಇತ್ತು. ನನ್ನದೂ ತೆರೆದಿತ್ತು, ಓದಿದವನೆಂಬ ಮರ್ಯಾದೆಗೆ ಬೇಗ ಮುಚ್ಚಿಕೊಂಡೆ.

“ಇದರಾಗ ನಂದು ಯಾವುದ್ರೀ?”

“ರೋಗ ಇಲ್ಲಂತ ಪರೀಕ್ಷೆನೂ ಆಗೇತಿ. ಆ ಒಂದು ತುದಿಯಿಂದನ ಹುಟ್ಟ್ಯಾವು, ಎಲ್ಲಾ ನಿಮ್ದರೀ.”

ಅಕ್ಕನಿಗೆ ಅಳು ಬಂತೋ ನಗು ಬಂತೋ, ಇಂದಿಗೂ ನನಗೆ ಸ್ಪಷ್ಟವಿಲ್ಲ.

ಗಿಡಗಳು ಮಣ್ಣಿಗಿಳಿದು ಹಿತ್ತಲು ತುಂಬಿದವು. ಅಷ್ಟಕ್ಕೇ ಮುಗಿಯಲಿಲ್ಲ. ಒಂದೇ ಗಿಡದ ಪ್ರತಿಗಳಲ್ಲವೇ, ಎಲ್ಲವೂ ಒಟ್ಟಿಗೆ ಹೂಬಿಟ್ಟು, ಒಂದೇ ವಾರದಲ್ಲಿ ಗೊನೆ ಮಾಗಿಸಿ ನಿಂತವು. ಅಕ್ಕ ಗಾಬರಿಯಾಗಿ ನನಗೆ ಫೋನ್ ಮಾಡಿದಳು. ಶಿಗ್ಗಾವಿಯ ಬೀಗರಿಗೆ, ಸವಣೂರಿನ ಗೆಳತಿಯರಿಗೆ, ಹಿರೇಕೆರೂರಿನ ಬಸ್ಸಿನ ಕಂಡಕ್ಟರಿಗೂ ಹಂಚಿದ್ದಾಯಿತು. ನಾನು ಹೋದಾಗ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಕ್ಕ ಒಂದು ಹಣ್ಣು ಸುಲಿದು, ಕಣ್ಣು ಮುಚ್ಚಿ ತಿಂದಳು.

“ಅದ ರುಚಿ ಐತಿ,” ಎಂದಳು ಮೆಲ್ಲಗೆ. ಆಮೇಲೆ ಗೊನೆಗಳ ರಾಶಿ ನೋಡಿ ನಿಟ್ಟುಸಿರಿಟ್ಟಳು. “ಆದ್ರ ತಮ್ಮಾ, ಮಕ್ಕಳು ಒಬ್ಬರ ಹಿಂದ ಒಬ್ಬರು ಬಂದ್ರ ಎತ್ಕೋಬಹುದು. ಹಿಂಗ ಎಲ್ಲಾರೂ ಒಮ್ಮೆಲೇ ಬಂದ್ರ ಯಾರನ್ನ ಎತ್ಕೊಳ್ಳಲಿ?”